ಕೊಡಚಾದ್ರಿಯಷ್ಟೇ ಎತ್ತರದ ಬೆಟ್ಟ, ಗಂಟೆಗೊಂದು ಲೆಕ್ಕ

ಈ ಸಲದ ಟಿಪ್ಪಣಿ ಉದ್ದ ಇದೆ. ಮಳೆ ಹಿಡಿದು ಕೂತಿರುವಾಗ, ತೋಟಕ್ಕೆ ಇಳಿಯೋಕಾಗದ ಹೊತ್ತಲ್ಲಿ ಓದಿ.

ಮಳೆಮಾಪನದ ಬಗ್ಗೆ ಹಿಂದೆ ಬರೆದಾಗ ಇಬ್ಬರು ಮೂವರು ಒಂದೇ ಪ್ರಶ್ನೆ ಕೇಳಿದ್ದರು. ದಿನಾ ಮಳೆ, ಗಾಳಿ, ಬಿಸಿಲು ಬರೆದಿಟ್ಟು ಯಾರಿಗೆ ಏನು ಸಿಕ್ಕಿದೆ ಅಂತ. ಇದಕ್ಕೆ ಒಂದು ಬೆಟ್ಟದ ಚರಿತ್ರೆ ಹೇಳೋದೇ ಸರಿ ಅನ್ನಿಸಿತು. ದೂರದ ಬೆಟ್ಟ. ಆದರೆ ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಅಳತೆ ಬೇಗ ಸಿಗುತ್ತದೆ. ನಮ್ಮ ಕೊಡಚಾದ್ರಿ 1,343 ಮೀಟರ್. ಸ್ಕಾಟ್ಲೆಂಡಿನ ಬೆನ್ ನೆವಿಸ್ 1,345 ಮೀಟರ್. ಎರಡೇ ಮೀಟರ್ ವ್ಯತ್ಯಾಸ. ಬ್ರಿಟನ್ನಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಎತ್ತರ ಒಂದೇ ಆದರೂ ಅದು ಉತ್ತರ ಧ್ರುವದ ಕಡೆ ಬಹಳ ಮೇಲಿರೋದರಿಂದ ತುದಿಯಲ್ಲಿ ವರ್ಷದ ಸರಾಸರಿ ಬಿಸಿ ಸೊನ್ನೆ ಡಿಗ್ರಿಯ ಆಸುಪಾಸು. ನೀರು ಹೆಪ್ಪುಗಟ್ಟೋ ಚಳಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಮತ್ತು ಹಿಮ. ಆಗುಂಬೆ, ಹುಲಿಕಲ್ ಮಳೆ ನೋಡಿದವರಿಗೆ ಈ ಲೆಕ್ಕ ದೊಡ್ಡದಲ್ಲ. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ. ಅಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ಹನ್ನೆರಡು ತಿಂಗಳೂ ಅದೇ ಕಥೆ. ತುದಿ ಬಹುಪಾಲು ದಿನ ಮೋಡದೊಳಗೇ ಇರುತ್ತದೆ.

ಅಂಥ ಜಾಗದಲ್ಲಿ 1883ರಿಂದ 1904ರವರೆಗೆ ಜನ ಮನೆ ಕಟ್ಟಿಕೊಂಡು, ಹಗಲು ರಾತ್ರಿ ಗಂಟೆಗೊಂದು ಸಲ ಹೊರಗೆ ಹೋಗಿ ಹವಾಮಾನ ಬರೆದಿಟ್ಟರು.

ಬೆಟ್ಟದ ತುದಿಯೇ ಯಾಕೆ ಬೇಕಿತ್ತು? ಆಗ ವಿಮಾನ ಇರಲಿಲ್ಲ, ಉಪಗ್ರಹ ಇರಲಿಲ್ಲ. ಈಗಿನ ಹಾಗೆ ಯಂತ್ರ ಕಟ್ಟಿ ಬಲೂನು ಹಾರಿಸೋ ಕ್ರಮವೂ ಬಂದಿರಲಿಲ್ಲ. ಮೋಡದ ಮಟ್ಟದಲ್ಲಿ ಗಾಳಿ ಹೇಗಿದೆ ಅಂತ ಗೊತ್ತಾಗಬೇಕಾದರೆ ಮನುಷ್ಯನೇ ಹತ್ತಿ ಹೋಗಬೇಕಿತ್ತು. ಅಟ್ಲಾಂಟಿಕ್ ಸಮುದ್ರದಿಂದ ಬರೋ ಬಿರುಗಾಳಿ ಮೊದಲು ಬಡಿಯೋದು ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಗಳಿಗೆ. ಬೆನ್ ನೆವಿಸ್ ಬುಡದಲ್ಲಿ ಫೋರ್ಟ್ ವಿಲಿಯಂ ಅನ್ನೋ ಊರಿದೆ, ಅದು ಸಮುದ್ರದ ಮಟ್ಟದಲ್ಲೇ ಇದೆ. ಬುಡದಲ್ಲಿ ಒಂದು ಲೆಕ್ಕ, ತುದಿಯಲ್ಲಿ ಒಂದು ಲೆಕ್ಕ, ಎರಡೂ ಒಂದೇ ಗಳಿಗೆಯಲ್ಲಿ ತೆಗೆದರೆ ನಡುವಿನ ಗಾಳಿಯ ಗುಣ ತಿಳಿಯುತ್ತೆ ಅನ್ನೋದು ಯೋಚನೆ. 1877ರಲ್ಲಿ ಡೇವಿಡ್ ಮಿಲ್ನ್ ಹೋಮ್ ಅನ್ನೋರು ಸ್ಕಾಟಿಷ್ ಹವಾಮಾನ ಸಂಘದ ಮುಂದೆ ಈ ಮಾತು ಇಟ್ಟರು. ದುಡ್ಡು ಹೊಂದಲಿಲ್ಲ, ಕೆಲಸ ನಿಂತಿತು.

ಆಗ ಮುಂದೆ ಬಂದವನು ಕ್ಲೆಮೆಂಟ್ ರ‍್ಯಾಗ್. ಕಟ್ಟಡ ಆಗೋವರೆಗೆ ನಾನೇ ದಿನಾ ಹತ್ತಿ ಬರೆದುಕೊಂಡು ಬರ್ತೀನಿ ಅಂದ. 1881ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಗೇ ಮಾಡಿದ. ಬೆಳಿಗ್ಗೆ ಐದಕ್ಕೆ ಮುಂಚೆ ಊರು ಬಿಟ್ಟು ಒಂಬತ್ತಕ್ಕೆ ತುದಿ ಮುಟ್ಟೋದು, ಅಲ್ಲಿ ಅಳತೆ ತೆಗೆದು ಇಳಿಯೋದು. ದಾರಿಯಲ್ಲೂ ಗೊತ್ತು ಮಾಡಿದ ಜಾಗಗಳಲ್ಲಿ ಅಳತೆ. 1882ರಲ್ಲೂ ಇದೇ ಕ್ರಮ. ಕೊಡಚಾದ್ರಿಗೆ ಬುಡದಿಂದ ನಡೆದು ಹತ್ತಿದವರು ಯೋಚಿಸಿ, ಅದನ್ನ ಐದು ತಿಂಗಳು ದಿನಾ ಮಾಡೋದು ಹೇಗಿರಬಹುದು ಅಂತ. ಸಂಘದವರು ಅವನಿಗೆ ಚಿನ್ನದ ಪದಕ ಕೊಟ್ಟರು.

ಇಲ್ಲಿ ಇನ್ನೊಂದು ಹೆಸರು ಸೇರಿಸಬೇಕು. ಅವನು ಮೇಲೆ ಅಳತೆ ತೆಗೆಯೋ ಅದೇ ಹೊತ್ತಿಗೆ ಕೆಳಗೆ ಫೋರ್ಟ್ ವಿಲಿಯಂನಲ್ಲಿ ಅಳತೆ ತೆಗೆಯುತ್ತಿದ್ದವಳು ಅವನ ಹೆಂಡತಿ ಲಿಯೊನೋರಾ. ಕೆಳಗಿನ ಲೆಕ್ಕ ಇಲ್ಲದಿದ್ದರೆ ಮೇಲಿನ ಲೆಕ್ಕಕ್ಕೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ. ಪದಕ ಮಾತ್ರ ಬೆಟ್ಟ ಹತ್ತಿದವನಿಗೆ. ಅಡಿಕೆ ಸುಲಿದವರು ಯಾರು, ಮಂಡಿಯಲ್ಲಿ ಪಟ್ಟಿ ಯಾರ ಹೆಸರಲ್ಲಿ ಆಗುತ್ತೆ ಅನ್ನೋದು ನಮಗೂ ಗೊತ್ತಿರೋ ವಿಷಯವೇ.

ಇವರ ಕೆಲಸ ಪತ್ರಿಕೆಗಳಲ್ಲಿ ಬಂತು, ಜನ ಚಂದಾ ಕೊಟ್ಟರು. 1883ರ ಬೇಸಿಗೆಯಲ್ಲಿ ಕುದುರೆ ಹೋಗೋ ಹಾಗೆ ದಾರಿ ಕಡಿದರು, ತುದಿಯಲ್ಲಿ ದಪ್ಪ ಕಲ್ಲುಗೋಡೆಯ ಮನೆ ಎದ್ದಿತು. ಅಕ್ಟೋಬರ್ 17ಕ್ಕೆ ಉದ್ಘಾಟನೆ. ಮುಖ್ಯಸ್ಥನ ಹುದ್ದೆಗೆ ರ‍್ಯಾಗ್ ಅರ್ಜಿ ಹಾಕಿದ್ದ, ಅದು ಅವನಿಗೆ ಸಿಗಲಿಲ್ಲ. ರಾಬರ್ಟ್ ಓಮಂಡ್ ಅನ್ನೋರಿಗೆ ಸಿಕ್ಕಿತು. ರ‍್ಯಾಗ್ ಆಸ್ಟ್ರೇಲಿಯಾಕ್ಕೆ ಹೋದ. ಅವನ ಕಥೆ ಆಮೇಲೆ ಹೇಳ್ತೀನಿ.

ಮೇಲಿನ ಬದುಕು ಹೇಗಿತ್ತು ಅಂತ ಸ್ವಲ್ಪ ನೋಡೋಣ. ಮುಖ್ಯಸ್ಥ ಒಬ್ಬ, ಸಹಾಯಕರು ಇಬ್ಬರು, ಅಡಿಗೆಗೆ ಒಬ್ಬ. ಬೇಸಿಗೆಯಲ್ಲೇ ಕುದುರೆ ಮೇಲೆ ಸೌದೆ, ಇದ್ದಿಲು, ಡಬ್ಬಿಯ ಆಹಾರ ಎಲ್ಲ ಹೇರಿ ಕೂಡಿಡಬೇಕು. ಮಳೆಗಾಲಕ್ಕೆ ಮುಂಚೆ ನಮ್ಮ ಹಿರಿಯರು ಹಪ್ಪಳ, ಉಪ್ಪಿನಕಾಯಿ, ಸೌದೆ ಒಟ್ಟುತ್ತಿದ್ದ ಹಾಗೇ. ಚಳಿಗಾಲದಲ್ಲಿ ಹಿಮ ಬಿದ್ದು ಬಾಗಿಲು, ಕಿಟಕಿ ಎಲ್ಲ ಹೂತುಹೋಗೋದು. ಅದಕ್ಕೇ ಮನೆಗೆ ಒಂದು ಗೋಪುರ ಕಟ್ಟಿ, ಅದರ ಮೇಲಿನಿಂದ ಹೊರಗೆ ಬರೋ ದಾರಿ ಮಾಡಿಕೊಂಡರು.

ಥರ್ಮಾಮೀಟರ್ ಇಡೋಕೆ ಬಿಳಿ ಬಣ್ಣದ ಮರದ ಪೆಟ್ಟಿಗೆ ಇತ್ತು. ಸುತ್ತ ಜಂತಿ ಜಂತಿಯಾಗಿ ಪಟ್ಟಿ ಹೊಡೆದ ಪೆಟ್ಟಿಗೆ, ಗಾಳಿ ಆಡಬೇಕು, ಬಿಸಿಲು ನೇರ ಬೀಳಬಾರದು. ಕೃಷಿ ಸಂಶೋಧನಾ ಕೇಂದ್ರಗಳ ಅಂಗಳದಲ್ಲಿ ನೀವೂ ನೋಡಿರ್ತೀರಿ. ಅದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆ ಅಂತಾರೆ. ಅದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ಸಮುದ್ರದ ದೀಪಸ್ತಂಭ ಕಟ್ಟೋ ಇಂಜಿನಿಯರ್. ಇದೇ ಸ್ಕಾಟಿಷ್ ಸಂಘದ ಕಾರ್ಯದರ್ಶಿ ಆಗಿದ್ದವನು. ಹಿಮ ಏರಿದ ಹಾಗೆ ಪೆಟ್ಟಿಗೆಯೂ ಮೇಲೆ ಹೋಗಬೇಕಲ್ಲ, ಅದಕ್ಕೆ ಬೆಟ್ಟದ ಮೇಲೆ ಏಣಿಯಂಥ ಕಾಲಿಗೆ ಅದನ್ನ ಸಿಕ್ಕಿಸಿ ಏರಿಸಿ ಇಳಿಸುತ್ತಿದ್ದರು. ಗಾಳಿ ಅಳೆಯೋ ಯಂತ್ರದ ಮೇಲೆ ಮಂಜುಗಡ್ಡೆ ಕಟ್ಟಿ ಅದು ನಿಂತುಹೋಗೋದು. ಆಗ ಹೊರಗೆ ನಿಂತವನ ಮೈಗೆ ಬಡಿದ ಗಾಳಿಯ ಅಂದಾಜೇ ಲೆಕ್ಕ. ಬಿರುಗಾಳಿ ಜೋರಿದ್ದಾಗ ಇಬ್ಬರು ಹಗ್ಗ ಕಟ್ಟಿಕೊಂಡು ಹೋಗಬೇಕಾಗ್ತಿತ್ತು. ರಾತ್ರಿ ಲಾಟೀನು ಆರಿಹೋದರೂ ಓದಲೇಬೇಕು, ಯಾಕಂದ್ರೆ ಗಂಟೆ ಕಾಯಲ್ಲ. ಬರೆದದ್ದನ್ನ ಟೆಲಿಗ್ರಾಫ್ ತಂತಿ ಮೇಲೆ ಕೆಳಗೆ ಕಳಿಸೋದು. 1890ರಲ್ಲಿ ಬುಡದಲ್ಲೂ ಒಂದು ಪೂರ್ಣಪ್ರಮಾಣದ ಕೇಂದ್ರ ಆಯ್ತು.

ವರ್ಷಕ್ಕೆ 8,760 ಗಂಟೆ. ಸುಮಾರು ಇಪ್ಪತ್ತೊಂದು ವರ್ಷ. ಹೆಚ್ಚು ಕಡಿಮೆ ಒಂದು ಲಕ್ಷದ ಎಂಬತ್ತು ಸಾವಿರ ಸಲ.

ಈ ಲೆಕ್ಕದಿಂದ ತಿಳಿದ ಒಂದು ವಿಷಯ ನಮಗೆ ಚೆನ್ನಾಗಿ ಅರ್ಥ ಆಗುತ್ತೆ. ಸಾಮಾನ್ಯವಾಗಿ ಮೇಲೆ ಹೋದಂತೆ ಚಳಿ ಜಾಸ್ತಿ. ಆದರೆ ಗಾಳಿಯಿಲ್ಲದೆ ಆಕಾಶ ತಿಳಿಯಾಗಿರೋ ಚಳಿಗಾಲದ ಕೆಲವು ದಿನ ಬುಡದಲ್ಲಿ ಮಂಜು, ಕೊರೆಯೋ ಚಳಿ. ತುದಿಯಲ್ಲಿ ಒಣ ಹವೆ, ಬುಡಕ್ಕಿಂತ ಬೆಚ್ಚಗೆ. ತಣ್ಣನೆ ಗಾಳಿ ಭಾರ, ರಾತ್ರಿ ಇಳಿದು ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತೆ. ಡಿಸೆಂಬರ್ ಬೆಳಿಗ್ಗೆ ಹಳ್ಳದ ತೋಟದಲ್ಲಿ ಕೈ ಮರಗಟ್ಟೋ ಹೊತ್ತಿಗೆ ಗುಡ್ಡದ ಮೇಲಿನ ಬ್ಯಾಣದಲ್ಲಿ ಬೆಚ್ಚಗಿರೋದು ಯಾಕೆ ಅನ್ನೋದಕ್ಕೆ ಉತ್ತರ ಇದೇ.

ಈಗ ಬೇಸಿಗೆಯ ಹುಡುಗರ ವಿಷಯ. ಕಾಯಂ ನೌಕರರು ಇಳಿದು ವಿಶ್ರಾಂತಿ ತಗೊಳ್ಳಬೇಕಲ್ಲ, ಆ ವಾರಗಳಲ್ಲಿ ಕಲಿಯೋ ಆಸಕ್ತಿ ಇರೋ ಯುವಕರು ಬಂದು ಅವರ ಜಾಗದಲ್ಲಿ ಕೆಲಸ ಮಾಡ್ತಿದ್ದರು. ಈಗ ಕಾಲೇಜು ಮಕ್ಕಳು ಇಂಟರ್ನ್‌ಶಿಪ್ ಅಂತಾರಲ್ಲ, ಹೆಚ್ಚು ಕಡಿಮೆ ಅದೇ. 1894ರ ಸೆಪ್ಟೆಂಬರ್‌ನಲ್ಲಿ ಹೀಗೆ ಎರಡು ವಾರಕ್ಕೆ ಬಂದವನು ಚಾರ್ಲ್ಸ್ ಥಾಮ್ಸನ್ ರೀಸ್ ವಿಲ್ಸನ್. ವಯಸ್ಸು ಇಪ್ಪತ್ತೈದು. ಎಡಿನ್‌ಬರೋ ಹತ್ತಿರದ ಕುರಿ ಸಾಕೋ ರೈತನ ಮಗ. ನಾಲ್ಕು ವರ್ಷದವನಿದ್ದಾಗ ಅಪ್ಪ ತೀರಿಕೊಂಡಿದ್ದ. ಕೇಂಬ್ರಿಡ್ಜ್‌ನಲ್ಲಿ ಓದಿದ್ದ, ಮುಂದೆ ಏನು ಮಾಡೋದು ಅನ್ನೋದು ಇನ್ನೂ ಗಟ್ಟಿಯಾಗಿರಲಿಲ್ಲ.

ಆ ಎರಡು ವಾರದಲ್ಲಿ ಅವನು ನೋಡಿದ್ದು ಮೋಡದ ಮೇಲಿನ ಬಿಸಿಲಾಟ. ಬೆನ್ನ ಹಿಂದೆ ಸೂರ್ಯ, ಮುಂದೆ ಕೆಳಗೆ ಮೋಡ. ಮೋಡದ ಮೇಲೆ ತನ್ನದೇ ನೆರಳು, ನೆರಳಿನ ತಲೆ ಸುತ್ತ ಬಣ್ಣದ ಬಳೆ. ಇದು ನಮ್ಮ ಘಟ್ಟದ ತುದಿಯಲ್ಲೂ ಬೆಳಗಿನ ಹೊತ್ತು ಕೆಲವೊಮ್ಮೆ ಕಾಣುತ್ತೆ. ಚೆಂದ ಇದೆ ಅಂತ ನೋಡಿ ಬರೋರೇ ಎಲ್ಲರೂ. ಅವನಿಗೆ ಮಾತ್ರ ಇದನ್ನ ಕೋಣೆಯೊಳಗೆ ಮಾಡಿ ನೋಡಬೇಕು ಅನ್ನಿಸಿತು.

1895ರ ಶುರುವಿನಲ್ಲೇ ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆಯೊಳಗೆ ಮೋಡ ಮಾಡೋ ಕೆಲಸ ಹಿಡಿದ. ತೇವ ತುಂಬಿದ ಗಾಳಿಯನ್ನ ಇದ್ದಕ್ಕಿದ್ದ ಹಾಗೆ ಹಿಗ್ಗಿಸಿದರೆ ಅದು ತಣ್ಣಗಾಗುತ್ತೆ, ಒಳಗೆ ಮಂಜು ಕಟ್ಟುತ್ತೆ. ಗಾಳಿ ಬೆಟ್ಟ ಏರಿದಾಗ ಆಗೋದೂ ಇದೇ. ಪಶ್ಚಿಮದ ಗಾಳಿ ನಮ್ಮ ಘಟ್ಟ ಹತ್ತುತ್ತ ಹಿಗ್ಗಿ, ತಣ್ಣಗಾಗಿ, ಹನಿಯಾಗುತ್ತೆ. ಹನಿ ಕಟ್ಟೋಕೆ ಒಂದು ಧೂಳಿನ ಕಣ ಬೇಕು ಅನ್ನೋದನ್ನ ಸ್ಕಾಟ್ಲೆಂಡಿನವನೇ ಆದ ಜಾನ್ ಏಟ್ಕೆನ್ ಮೊದಲೇ ತೋರಿಸಿದ್ದ. ವಿಲ್ಸನ್ ಧೂಳನ್ನೆಲ್ಲ ತೆಗೆದು ನೋಡಿದ. ಸ್ವಲ್ಪ ಹಿಗ್ಗಿಸಿದರೆ ಏನೂ ಇಲ್ಲ. ಒಂದಕ್ಕೆ ಒಂದೂಕಾಲು ಪಾಲು ಆಗೋವರೆಗೆ ಹಿಗ್ಗಿಸಿದಾಗ ಧೂಳಿಲ್ಲದೇನೇ ಹನಿ ಬಿತ್ತು. ಹಾಗಾದ್ರೆ ಧೂಳಲ್ಲದ ಬೇರೆ ಏನೋ ಒಳಗಿದೆ. ಅಷ್ಟರಲ್ಲಿ ಎಕ್ಸ್‌ರೇ ಕಂಡುಹಿಡಿದ ಸುದ್ದಿ ಬಂತು. 1896ರಲ್ಲಿ ಪಾತ್ರೆಗೆ ಎಕ್ಸ್‌ರೇ ಹಾಯಿಸಿದರೆ ಒಳಗೆ ದಟ್ಟ ಮಂಜು. ವಿದ್ಯುತ್ ಅಂಶ ಹೊತ್ತ ಕಣಗಳ ಮೇಲೂ ಹನಿ ಕೂರುತ್ತೆ ಅಂತ ಗೊತ್ತಾಯ್ತು.

ಅಲ್ಲಿಂದ ಮುಂದೆ 1911ರ ಹೊತ್ತಿಗೆ ಅವನು ಕಣ್ಣಿಗೆ ಕಾಣದ ಕಣ ಹಾದುಹೋದ ದಾರಿಯನ್ನ ಸಾಲು ಹನಿಯಾಗಿ ತೋರಿಸಿ ಫೋಟೋ ಹಿಡಿದ. ಜಿಂಕೆ ಕಾಣದೇ ಇದ್ದರೂ ಗದ್ದೆಯ ಕೆಸರಲ್ಲಿ ಹೆಜ್ಜೆ ಕಾಣುತ್ತಲ್ಲ, ಹಾಗೆ. ಆ ಯಂತ್ರಕ್ಕೆ ಮೋಡದ ಪೆಟ್ಟಿಗೆ ಅನ್ನಬಹುದು. ಅಣುವಿನ ಒಳಗಿನ ಸಂಗತಿ ತಿಳಿಯೋಕೆ ವಿಜ್ಞಾನಿಗಳು ಮುಂದೆ ಎಷ್ಟೋ ವರ್ಷ ಅದನ್ನೇ ನಂಬಿದ್ದರು. 1932ರಲ್ಲಿ ಪಾಸಿಟ್ರಾನ್ ಅನ್ನೋ ಕಣ ಸಿಕ್ಕಿದ್ದೂ ಅಂಥ ಪೆಟ್ಟಿಗೆಯಲ್ಲೇ. 1927ರಲ್ಲಿ ವಿಲ್ಸನ್‌ಗೆ ನೊಬೆಲ್ ಬಹುಮಾನ ಬಂತು, ಆರ್ಥರ್ ಕಾಂಪ್ಟನ್ ಜೊತೆ ಹಂಚಿಕೊಂಡು.

ಅದೇ ವಿಲ್ಸನ್ 1895ರ ಜೂನ್‌ನಲ್ಲಿ ಮತ್ತೆ ಆ ಕಡೆ ಹೋಗಿದ್ದ. ಪಕ್ಕದ ಬೆಟ್ಟದಲ್ಲಿದ್ದಾಗ ಗುಡುಗು ಶುರುವಾಗಿ ತಲೆಕೂದಲು ನೆಟ್ಟಗೆ ಎದ್ದು ನಿಂತಿತು. ಓಡಿ ಇಳಿದ, ಹಿಂದೆಯೇ ಸಿಡಿಲು ಬಡಿಯಿತು. ಅವತ್ತಿಂದ ಗುಡುಗಿನ ಮೋಡದ ವಿದ್ಯುತ್ ಅವನಿಗೆ ಜೀವನಪೂರ್ತಿ ಹಿಡಿದ ವಿಷಯ ಆಯ್ತು, 87ನೇ ವಯಸ್ಸಿನಲ್ಲೂ ಅದರ ಮೇಲೆ ಲೇಖನ ಬರೆದ. ನಮಗೆ ಇದರಲ್ಲೊಂದು ಎಚ್ಚರಿಕೆ ಇದೆ. ಮುಂಗಾರು ಮುಂಚಿನ ಗುಡುಗಿನ ಹೊತ್ತು ಬಯಲಲ್ಲೋ ಗುಡ್ಡದ ಮೇಲೋ ಇದ್ದು ಮೈಕೂದಲು ನಿಂತರೆ ಅದು ಸಿಡಿಲಿನ ಕರೆ. ಮರದ ಕೆಳಗೆ ನಿಲ್ಲಬೇಡಿ, ಕೈಯಲ್ಲಿರೋ ದೋಟಿ ಬಿಸಾಡಿ, ಬೇಗ ತಗ್ಗಿಗೆ ಇಳಿದು ಮನೆ ಸೇರಿ.

ಬೆಟ್ಟದಲ್ಲಿ ಕೆಲಸ ಕಲಿತು ಹೋದ ಇನ್ನೊಬ್ಬ ವಿಲಿಯಂ ಸ್ಪಿಯರ್ಸ್ ಬ್ರೂಸ್. 1895-96ರಲ್ಲಿ ಅಲ್ಲಿದ್ದ. 1902ರಲ್ಲಿ ಸ್ಕಾಟ್ಲೆಂಡಿನಿಂದ ದಕ್ಷಿಣ ಧ್ರುವದ ಕಡೆಗೆ ಹಡಗು ಕರೆದುಕೊಂಡು ಹೋದ. ಲಾರಿ ಅನ್ನೋ ದ್ವೀಪದಲ್ಲಿ ಕಲ್ಲಿನ ಮನೆ ಕಟ್ಟಿ ಹವಾಮಾನ ಕೇಂದ್ರ ತೆರೆದ, ಅದಕ್ಕೆ ಬೆನ್ ನೆವಿಸ್‌ನ ಮೊದಲ ಮುಖ್ಯಸ್ಥನ ಹೆಸರಲ್ಲಿ ಓಮಂಡ್ ಹೌಸ್ ಅಂತ ಹೆಸರಿಟ್ಟ. 1904ರಲ್ಲಿ ಅದನ್ನ ಅರ್ಜೆಂಟೀನಾದವರಿಗೆ ಒಪ್ಪಿಸಿದ. ಅವರು ಇವತ್ತಿಗೂ ನಡೆಸ್ತಾ ಇದ್ದಾರೆ.

ಆ ಕೇಂದ್ರ ಅರ್ಜೆಂಟೀನಾಕ್ಕೆ ಹೋದ ಅದೇ 1904ರಲ್ಲಿ ಬೆನ್ ನೆವಿಸ್ ಬಾಗಿಲು ಹಾಕಿತು. ಕಾರಣ ದುಡ್ಡು. ಚಂದಾ ಹಣ ಕರಗಿತ್ತು, ಸರ್ಕಾರ ಕೊಡೋದು ಸಾಲುತ್ತಿರಲಿಲ್ಲ. ನಾಳೆಯ ಬಿರುಗಾಳಿ ಇವತ್ತೇ ಹೇಳೋಕೆ ಅಂದುಕೊಂಡಷ್ಟು ಪ್ರಯೋಜನ ಕಣ್ಣಿಗೆ ಕಾಣಲಿಲ್ಲ. ಈಗ ತುದಿಯಲ್ಲಿ ಇರೋದು ಮುರುಕು ಗೋಡೆ. ಕುದುರೆಗೆ ಅಂತ ಕಡಿದ ದಾರಿಯಲ್ಲಿ ಪ್ರವಾಸಿಗರು ಹತ್ತುತ್ತಾರೆ.

ಆದರೆ ಪುಸ್ತಕಗಳು ಉಳಿದವು. ಎಡಿನ್‌ಬರೋದ ರಾಯಲ್ ಸೊಸೈಟಿ ಆ ಲೆಕ್ಕವನ್ನೆಲ್ಲ ದಪ್ಪ ಸಂಪುಟಗಳಲ್ಲಿ ಅಚ್ಚು ಹಾಕಿಸಿತ್ತು. 2017ರಲ್ಲಿ ರೀಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಅನ್ನೋ ವಿಜ್ಞಾನಿ ಜನರನ್ನ ಕರೆದು, ಮನೆಯಲ್ಲಿ ಕೂತು ಈ ಅಂಕಿಗಳನ್ನ ಕಂಪ್ಯೂಟರಿಗೆ ಟೈಪ್ ಮಾಡಿಕೊಡಿ ಅಂದರು. ಸಾವಿರಾರು ಜನ ಸೇರಿ ಹತ್ತು ಲಕ್ಷಕ್ಕೂ ಮಿಕ್ಕಿ ಅಂಕಿ ಇಳಿಸಿದರು. ನೂರು ವರ್ಷದ ಹಿಂದಿನ ಬಿರುಗಾಳಿ ಹೇಗೆ ಬಂತು, ಎಷ್ಟು ಜೋರಿತ್ತು ಅಂತ ಈಗ ಲೆಕ್ಕ ಹಾಕೋಕೆ, ಇವತ್ತಿನದರ ಜೊತೆ ಹೋಲಿಸೋಕೆ ಇಂಥ ಹಳೇ ಅಂಕಿಗಳೇ ಆಧಾರ. ಲಾಟೀನು ಹಿಡಿದು ರಾತ್ರಿ ಎರಡಕ್ಕೆ ಹಿಮದಲ್ಲಿ ನಿಂತವನಿಗೆ ಇದು ಗೊತ್ತಿರಲಿಲ್ಲ. ಅವನು ಗಂಟೆ ಆಯ್ತು ಅಂತ ಬರೆದ ಅಷ್ಟೆ.

ರ‍್ಯಾಗ್ ಕಥೆ ಬಾಕಿ ಇತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಸರ್ಕಾರಿ ಹವಾಮಾನ ಅಧಿಕಾರಿ ಆದ. ಚಂಡಮಾರುತಕ್ಕೆ ಹೆಸರಿಡೋ ಪದ್ಧತಿ ಶುರು ಮಾಡಿದವನು ಅವನೇ. ತನಗಾಗದ ರಾಜಕಾರಣಿಗಳ ಹೆಸರನ್ನೂ ಇಟ್ಟ. 1902ರಲ್ಲಿ ಅಲ್ಲಿ ಭೀಕರ ಬರ. ಯುರೋಪಿನಲ್ಲಿ ದ್ರಾಕ್ಷಿ ಬೆಳೆಗಾರರು ಆಲಿಕಲ್ಲು ಓಡಿಸೋಕೆ ಹಾರಿಸ್ತಿದ್ದ ಸ್ಟೀಗರ್ ಫಿರಂಗಿ ತಂದು, ಚಾರ್ಲ್‌ವಿಲ್ ಅನ್ನೋ ಊರಲ್ಲಿ ಮೋಡಕ್ಕೆ ಹೊಡೆಸಿದ. ಮಳೆ ಬರಲಿಲ್ಲ. ಆ ಫಿರಂಗಿಗಳನ್ನ ಈಗಲೂ ಅಲ್ಲಿ ನೋಡೋಕೆ ಇಟ್ಟಿದ್ದಾರೆ. ಎರಡು ವರ್ಷ ದಿನಾ ಬೆಟ್ಟ ಹತ್ತಿ ಅಂಕಿ ತಂದವನೂ ಬರದ ಮುಂದೆ ಫಿರಂಗಿ ನಂಬಿದ. ನಮ್ಮ ರಾಜ್ಯದಲ್ಲೂ 2003ರಲ್ಲಿ, 2017ರಲ್ಲಿ ವಿಮಾನದಿಂದ ಮೋಡ ಬಿತ್ತನೆ ಆಯ್ತು. ಅದು ಫಿರಂಗಿ ಹಾಗಲ್ಲ, ಹನಿ ಕಟ್ಟೋಕೆ ಕಣ ಬೇಕು ಅನ್ನೋ ವಿಜ್ಞಾನದ ಮೇಲೇ ನಿಂತದ್ದು. ಆದರೆ ತೇವ ಇರೋ ಮೋಡವೇ ಇಲ್ಲದಿದ್ದರೆ ಕಣ ಎಷ್ಟು ಚೆಲ್ಲಿದರೂ ಅಷ್ಟೆ. ಬಿತ್ತನೆಯಿಂದ ಎಷ್ಟು ಮಳೆ ಹೆಚ್ಚಾಯ್ತು ಅಂತ ಹೇಳೋಕೂ ಮೊದಲು ಆ ಜಾಗದ ಹಳೇ ಮಳೆ ಲೆಕ್ಕ ಸರಿಯಾಗಿ ಇರಬೇಕು.

ಇನ್ನು ನಮ್ಮ ವಿಷಯ. ನಮ್ಮ ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ ನಿಂತಿರೋದು ಪಂಚಾಯ್ತಿ ಮಳೆಮಾಪನದ ಅಂಕಿ ಮೇಲೆ. ಕೊಳೆ ಬಂದು ಕಾಯಿ ಉದುರಿದ್ದನ್ನ ಯಾರೂ ಬಂದು ಎಣಿಸಲ್ಲ, ಯಂತ್ರ ಹೇಳಿದ್ದೇ ಮಾತು. ಒಂದು ವರ್ಷ ನಮ್ಮ ಸುತ್ತಿನಲ್ಲಿ ಯಂತ್ರ ಕೆಟ್ಟು ನಿಂತಿತ್ತು. ಪಕ್ಕದ ಪಂಚಾಯ್ತಿಗೆ ಬಂದ ಪರಿಹಾರ ನಮಗೆ ಬರಲಿಲ್ಲ. ಮಳೆ ಬಂದಿದ್ದು ಎಲ್ಲರಿಗೂ ಗೊತ್ತು, ಆದರೆ ಎಷ್ಟು ಮಿಲಿಮೀಟರ್ ಅಂತ ಕೇಳಿದಾಗ ಉತ್ತರ ಇದ್ದದ್ದು ಒಬ್ಬರು ಹಿರಿಯರ ಕ್ಯಾಲೆಂಡರಿನಲ್ಲಿ ಮಾತ್ರ. ಒಂದು ಮನೆಯ ಕ್ಯಾಲೆಂಡರ್ ನೋಡಿ ಯಾರೂ ದುಡ್ಡು ಕೊಡಲ್ಲ, ನಿಜ. ಆದರೆ ಹತ್ತು ಮನೆಯ ಪುಸ್ತಕ ಒಂದೇ ಮಾತು ಹೇಳಿದರೆ ಅರ್ಜಿಗೆ ತೂಕ ಬರುತ್ತೆ. ಯಂತ್ರ ಕೆಟ್ಟದ್ದು ಮೂರು ತಿಂಗಳಾದ ಮೇಲಲ್ಲ, ಮೂರನೇ ದಿನಕ್ಕೇ ಗೊತ್ತಾಗುತ್ತೆ.

ಮಾಡೋದು ಕಷ್ಟ ಇಲ್ಲ. ಮಳೆಮಾಪನವನ್ನ ತೆರೆದ ಜಾಗದಲ್ಲಿ ಇಡಿ. ಹತ್ತಿರದ ಮರ, ಮಾಡು ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟಾದರೂ ದೂರ ಇರಲಿ. ದಿನಾ ಬೆಳಿಗ್ಗೆ ಎಂಟೂವರೆಗೇ ಓದಿ, ಹವಾಮಾನ ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿಗೇ ಮುಗಿಯೋದು. ಮಳೆ ಇಲ್ಲದ ದಿನ ಸೊನ್ನೆ ಅಂತ ಬರೆಯಿರಿ, ಖಾಲಿ ಬಿಡಬೇಡಿ. ಊರಲ್ಲಿಲ್ಲದ ದಿನ ಖಾಲಿ ಬಿಡಿ, ಅಂದಾಜಿಗೆ ತುಂಬಬೇಡಿ. ಸೊನ್ನೆಗೂ ಖಾಲಿಗೂ ವ್ಯತ್ಯಾಸ ಇದೆ, ಪುಸ್ತಕದ ಮರ್ಯಾದೆ ಇರೋದೇ ಅದರಲ್ಲಿ.

ಮತ್ತೆ, ಮನೆಯಲ್ಲಿ ಹೈಸ್ಕೂಲು, ಪಿಯುಸಿ ಓದೋ ಮಕ್ಕಳಿದ್ದರೆ ಎರಡು ವಾರ ಆ ಕೆಲಸ ಅವರಿಗೇ ವಹಿಸಿ. ಓದೋದು ಹೇಗೆ ಅಂತ ಒಂದು ಸಲ ತೋರಿಸಿ ಸುಮ್ಮನಾಗಿ. ವಿಲ್ಸನ್ ಆ ಬೆಟ್ಟದ ಮೇಲೆ ಇದ್ದದ್ದೂ ಎರಡೇ ವಾರ.

ಯಾರ ಮನೆಯಲ್ಲಿ ಹಳೇ ಮಳೆ ಲೆಕ್ಕ ಇದೆ, ಯಾವ ವರ್ಷದಿಂದ ಇದೆ ಅಂತ ತಿಳಿಸಿ. ಅಟ್ಟದ ಮೇಲಿನ ಹಳೇ ಪಂಚಾಂಗ, ಡೈರಿ ಎಲ್ಲ ರದ್ದಿಗೆ ಹಾಕೋ ಮುಂಚೆ ಒಂದು ಸಲ ಬಿಡಿಸಿ ನೋಡಿ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಅಂಕಿ ಇದ್ದರೆ ಫೋಟೋ ತೆಗೆದು ಇಟ್ಟುಕೊಳ್ಳಿ. ಈ ದೀಪಾವಳಿ ಒಳಗೆ ನಮ್ಮ ಸುತ್ತಿನ ಎಲ್ಲರ ಲೆಕ್ಕ ಒಂದು ಕಡೆ ಸೇರಿಸೋಣ.